ನದಿಯ ಎರಡು ದಡದ ಕಾಗದಗಳು ಒಂದೇ ಮೇಜಿನ ಮೇಲೆ: ಬ್ರೂಸ್‌ಪೇಟೆಯ ಒಂದು ದಾಖಲೆ ವಾಚನ ಕೊಠಡಿ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹಳೆಯ ಮದ್ರಾಸು ತಾರಸಿಯ ಮನೆಯೊಂದರ ಮುಂಗೋಣೆಯಲ್ಲಿ ನಿವೃತ್ತ ಸರ್ವೇಯರ್ ಒಬ್ಬರು ತಮ್ಮ ಮಗಳೊಂದಿಗೆ ಒಂದು ದಾಖಲೆ ವಾಚನ ಕೊಠಡಿಯನ್ನು ನಡೆಸುತ್ತಿದ್ದಾರೆ. ಕಳೆದ ಬೇಸಿಗೆಯಿಂದ ಈವರೆಗೆ ನಾನು ಅಲ್ಲಿಗೆ ಐದು ಬಾರಿ ಹೋಗಿ ಬಂದಿದ್ದೇನೆ. ಹೊರಗೆ ಫಲಕವಿಲ್ಲ, ಜಾಹೀರಾತಿಲ್ಲ. ತಮ್ಮ ಹೆಸರನ್ನೂ ಮನೆಯ ಗುರುತನ್ನೂ ಬರೆಯಬಾರದೆಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಕೊಟ್ಟಿಲ್ಲ. ಆದರೆ ಊರಿನ ದಸ್ತಾವೇಜು ಬರಹಗಾರರಲ್ಲಿ ಹಿರಿಯರಾದ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಜಮೀನಿನ ವ್ಯಾಜ್ಯ ಇರುವವರು, ಸಂಶೋಧನೆ ಮಾಡುವ ವಿದ್ಯಾರ್ಥಿಗಳು, ಮುಳುಗಡೆಯಾದ ಊರುಗಳಿಂದ ಬಂದ ಮನೆತನದವರು ಇಲ್ಲಿಗೆ ಹೆಚ್ಚಾಗಿ ಬರುತ್ತಾರೆ. ನಾನು ಮೂರನೆಯ ಗುಂಪಿಗೆ ಸೇರಿದವಳು.

ಈ ಕೊಠಡಿಯ ಬೆಲೆ ತಿಳಿಯಬೇಕಾದರೆ ನಮ್ಮ ಸೀಮೆಯ ಕಾಗದಪತ್ರಗಳು ಎಲ್ಲೆಲ್ಲಿ ಚದುರಿಹೋಗಿವೆ ಎಂಬುದನ್ನು ಮೊದಲು ನೆನೆಯಬೇಕು. 1800ರಲ್ಲಿ ನಿಜಾಮರು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ತುಂಗಭದ್ರೆಯ ಬಲದಂಡೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಎದುರು ದಡದ ಮುನಿರಾಬಾದ್, ಕೊಪ್ಪಳ, ಗಂಗಾವತಿಯ ಕಡೆ 1948ರವರೆಗೆ ಹೈದರಾಬಾದ್ ಸಂಸ್ಥಾನದ ಆಡಳಿತ. ನಡುವೆ ಗುಡ್ಡಗಳ ಮಡಿಲಲ್ಲಿದ್ದ ಸಂಡೂರು 1949ರವರೆಗೂ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. ಹೀಗಾಗಿ ಬಲದಂಡೆಯ ಹಳೆಯ ದಾಖಲೆಯನ್ನು ಹುಡುಕುವವರು ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರಕ್ಕೂ, ಎಡದಂಡೆಯ ದಾಖಲೆಯನ್ನು ಹುಡುಕುವವರು ಹೈದರಾಬಾದಿನ ತಾರ್ನಾಕಕ್ಕೂ ಹೋಗಬೇಕು. ಬಲದಂಡೆಯ 1953ರ ನಂತರದ, ಎಡದಂಡೆಯ 1956ರ ನಂತರದ ಕಾಗದಗಳಿಗೆ ಬೆಂಗಳೂರು. ಭಾಷೆ, ಲಿಪಿಗಳೂ ಅಷ್ಟೇ ಹಂಚಿಹೋಗಿವೆ. ಬಲದಂಡೆಯಲ್ಲಿ ಇಂಗ್ಲಿಷ್, ಕನ್ನಡ, ತೆಲುಗು, ಎಡದಂಡೆಯಲ್ಲಿ ಉರ್ದು, ಸಂಡೂರಿನಲ್ಲಿ ಮೋಡಿ ಲಿಪಿಯ ಮರಾಠಿ. ಒಂದು ನದಿ, ಅದರ ಬದಿಯ ಒಂದು ಗುಡ್ಡಸಾಲು, ಅವುಗಳ ನಡುವಿನ ಊರುಗಳು ಒಟ್ಟಾಗಿ ಬದುಕಿದ ಬದುಕನ್ನು ಕಾಗದದಲ್ಲಿ ಒಟ್ಟಾಗಿ ನೋಡುವ ಜಾಗ ನಮಗೆ ಇರಲಿಲ್ಲ. ಬ್ರೂಸ್‌ಪೇಟೆಯ ಈ ಕೋಣೆ ಆ ಕೊರತೆಯನ್ನು ತನ್ನ ಮಿತಿಯಲ್ಲಿ ತುಂಬುತ್ತಿದೆ.

ಸಂಗ್ರಹದ ಬಹುಪಾಲು ನಕಲುಗಳೇ. ಸೇವೆಯಲ್ಲಿದ್ದಾಗಲೂ ನಿವೃತ್ತಿಯ ನಂತರವೂ ಆ ಹಿರಿಯರು ಚೆನ್ನೈಗೂ ಹೈದರಾಬಾದಿಗೂ ಸ್ವಂತ ಖರ್ಚಿನಲ್ಲಿ ಹೋಗಿ, ಅನುಮತಿ ಪಡೆದು, ಶುಲ್ಕ ಕಟ್ಟಿ ತಂದ ಪ್ರತಿಗಳವು. ಮೂಲ ಕಾಗದಗಳೂ ಒಂದಷ್ಟು ಇವೆ: ಊರಿನ ಲೆಕ್ಕ ಬರೆಯುತ್ತಿದ್ದ ಹಳೆಯ ಕರಣಂ ಮನೆತನದವರು ಮನೆ ಕೆಡವುವಾಗ ತಂದುಕೊಟ್ಟ ಲೆಕ್ಕದ ಪುಸ್ತಕಗಳು, ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಮುದ್ರಿತ ಗೆಜೆಟಿಯರುಗಳು, ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ನಕ್ಷೆಗಳು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವುಗಳನ್ನು ಜೋಡಿಸಿರುವ ರೀತಿ. ಸರ್ಕಾರಿ ಕಚೇರಿಗಳಲ್ಲಿ ಕಡತ ಇಲಾಖೆಯ ಪ್ರಕಾರ ಇರುತ್ತದೆ. ನೀರಾವರಿ ಒಂದು ಕಡೆ, ಗಣಿ ಇನ್ನೊಂದು ಕಡೆ, ಕಂದಾಯ ಮತ್ತೊಂದು ಕಡೆ. ಇಲ್ಲಿ ಕಪಾಟುಗಳಿಗೆ ನೀರಿನ ಹೆಸರುಗಳಿವೆ: ತುಂಗಭದ್ರೆ, ಹಗರಿ, ಚಿಕ್ಕಹಗರಿ, ನಾರಿಹಳ್ಳ. ನಾರಿಹಳ್ಳದ ಕಪಾಟು ತೆಗೆದರೆ ಆ ಹಳ್ಳ ಹುಟ್ಟುವ ಗುಡ್ಡದ ಗಣಿ ಗುತ್ತಿಗೆಯ ನಕ್ಷೆ, ಅದು ಹಾದುಹೋಗುವ ಊರುಗಳ ಪೈಮಾಶಿ (ಭೂಮಾಪನದ ಲೆಕ್ಕ), ಭೀಮಗಂಡಿ ಮತ್ತು ಓಬಳಗಂಡಿಗಳ ಕಣಿವೆಯ ಚಿತ್ರ, ಕೆರೆಕಟ್ಟೆಯ ವಿವರ, ಎಲ್ಲವೂ ಒಂದೇ ರುಮಾಲಿನಲ್ಲಿ ಕಟ್ಟಿ ಸಿಗುತ್ತವೆ. ವೃತ್ತಿಯಿಂದ ನೆಲ ಅಳೆದವರಿಗೆ ಮಾತ್ರ ಹೊಳೆಯಬಹುದಾದ ಜೋಡಣೆ ಇದು ಎಂದು ನನಗನ್ನಿಸಿತು.

ನಾನು ಹುಡುಕಿಕೊಂಡು ಹೋದದ್ದು ನಮ್ಮ ತಾಯಿಯ ತವರಾದ ನಾರಾಯಣದೇವರಕೆರೆಯನ್ನು. ತುಂಗಭದ್ರಾ ಜಲಾಶಯದಲ್ಲಿ ಆ ಊರು ಮುಳುಗಿತು. ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ನಮ್ಮ ಅಜ್ಜಿ ಬದುಕಿರುವವರೆಗೂ "ನಮ್ಮೂರು" ಎಂದರೆ ನೀರಿನ ಕೆಳಗಿನ ಊರೇ ಹೊರತು ಮರಿಯಮ್ಮನಹಳ್ಳಿ ಅಲ್ಲ. ಅವರು ಹೇಳುತ್ತಿದ್ದ ಬಾವಿ, ಅಗಸಿ (ಊರಬಾಗಿಲು), ಕಾಲುವೆಯ ಮೋರಿ ಎಲ್ಲಿದ್ದವು ಎಂಬುದನ್ನು ಕಾಗದದ ಮೇಲಾದರೂ ಕಾಣಬೇಕೆಂಬ ಆಸೆ ನನ್ನದು. ಇದಕ್ಕಾಗಿ ಹಿಂದೆ ಒಂದು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟಿದ್ದೆ. ಊರೇ ಇಲ್ಲದ ಮೇಲೆ ನಕ್ಷೆ ಯಾಕೆ ಬೇಕು ಎಂಬ ಪ್ರಶ್ನೆಯೇ ಮೂರು ಸಲವೂ ಸಿಕ್ಕಿದ ಉತ್ತರ. ಬ್ರೂಸ್‌ಪೇಟೆಯಲ್ಲಿ ಹಾಗೆ ಯಾರೂ ಕೇಳಲಿಲ್ಲ. ಹಿರಿಯರು ಊರಿನ ಹೆಸರನ್ನು ಕೇಳಿಸಿಕೊಂಡು, "ಕೂಡ್ರಿ ಅಮ್ಮಾ, ಇದು ದೊಡ್ಡ ಹಾಳಿ, ಎರಡು ಮೇಜು ಕೂಡಿಸಬೇಕಾಗ್ತತಿ" ಎಂದು ಒಳಗೆ ಹೋದರು.

ಅವರು ತಂದು ಹಾಸಿದ್ದು ಮದ್ರಾಸು ಕಾಲದ ಗ್ರಾಮ ನಕ್ಷೆಯ ಪ್ರತಿ. ಮದ್ರಾಸಿನವರು ಗ್ರಾಮ ನಕ್ಷೆಯನ್ನು ಮೈಲಿಗೆ 16 ಅಂಗುಲದಂತೆ, ಅಂದರೆ ಒಂದು ಅಂಗುಲಕ್ಕೆ 330 ಅಡಿಯ ಪ್ರಮಾಣದಲ್ಲಿ ಬರೆಯುತ್ತಿದ್ದರು. ಈ ಪ್ರಮಾಣದಲ್ಲಿ ಒಂದು ಸಣ್ಣ ಗುಡಿ, ಒಂದು ಬಾವಿ, ಒಂದು ಬಂಡಿ ದಾರಿ ಕೂಡ ಕಣ್ಣಿಗೆ ಬೀಳುತ್ತವೆ. ಅದರ ಮೇಲೆ ಅವರು ಪಾರದರ್ಶಕ ಹಾಳೆಯೊಂದನ್ನು ಇಟ್ಟರು. ಅದರಲ್ಲಿ ಜಲಾಶಯ ತುಂಬಿದಾಗ ನೀರು ನಿಲ್ಲುವ ಗೆರೆಯನ್ನು ನೀಲಿ ಪೆನ್ಸಿಲಿನಿಂದ ಎಳೆದಿದ್ದರು. ಅಜ್ಜಿ ಹೇಳುತ್ತಿದ್ದ ಅಗಸಿಯ ಜಾಗವನ್ನು ಬೆರಳಿಟ್ಟು ನೋಡಿದೆ. ಆ ಹೊತ್ತಿನಲ್ಲಿ ತಂದೆ-ಮಗಳು ಇಬ್ಬರೂ ಮಾತಾಡದೆ ಪಕ್ಕದ ಕೋಣೆಗೆ ಹೋದರು. ಅವರ ಆ ನಡೆಯನ್ನು ನಾನು ಮರೆಯುವುದಿಲ್ಲ.

ಅಣೆಕಟ್ಟಿನ ಕಾಗದಗಳೇ ಇಲ್ಲಿನ ನಿಜವಾದ ಸಂಪತ್ತು. 1860ರ ಸುಮಾರಿಗೆ ಆರ್ಥರ್ ಕಾಟನ್ ಮುಂದಿಟ್ಟ ಯೋಚನೆಯಿಂದ ತೊಡಗಿ, ಮೈಸೂರು ಮತ್ತು ಮದ್ರಾಸುಗಳ ನಡುವಿನ 1892ರ ಒಪ್ಪಂದ, 1944ರಲ್ಲಿ ಮದ್ರಾಸು ಹಾಗೂ ಹೈದರಾಬಾದುಗಳ ನಡುವಿನ ಒಪ್ಪಂದ, 1945ರ ಫೆಬ್ರವರಿ 28ರಂದು ಎರಡೂ ದಡಗಳಲ್ಲಿ ನಡೆದ ಶಂಕುಸ್ಥಾಪನೆ, 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿ, ಇವೆಲ್ಲದಕ್ಕೂ ಸಂಬಂಧಿಸಿದ ಮುದ್ರಿತ ಕಾಗದಗಳು ಕಾಲಾನುಕ್ರಮದಲ್ಲಿವೆ. ಅದಕ್ಕೂ ಹಿಂದಿನ ಪದರ ವಿಜಯನಗರದ ಕಾಲುವೆಗಳದು. ಕೃಷ್ಣದೇವರಾಯನ ಕಾಲದಲ್ಲಿ, 1521ರಲ್ಲಿ ಕಟ್ಟಿಸಿದ ವಲ್ಲಭಾಪುರದ ಅಣೆ ಬಸವಣ್ಣ ಕಾಲುವೆಗೆ ನೀರು ಕೊಡುತ್ತಿತ್ತು. ಆ ಅಣೆ ಈಗ ಜಲಾಶಯದೊಳಗಿದ್ದು, ಕಾಲುವೆಗೆ ನೀರು ಜಲಾಶಯದಿಂದಲೇ ಬರುತ್ತದೆ. ಹೊಸಪೇಟೆಯ ಸುತ್ತ ಇಂದಿಗೂ ಬಾಳೆ, ಕಬ್ಬು, ಭತ್ತ ಬೆಳೆಯುವ ಗದ್ದೆಗಳ ಪೈಕಿ ಎಷ್ಟೋ ಈ ಹಳೆಯ ಕಾಲುವೆಗಳ ಕೆಳಗಿನವು. ಹಳೆಯ ಅಣೆಗಳನ್ನೂ ಅವುಗಳಿಗೆ ಸೇರಿದ ತೂಬುಗಳನ್ನೂ ಗುರುತಿಸಿರುವ ನಕ್ಷೆಯ ಪಕ್ಕದಲ್ಲಿ ಇಂದಿನ ಬಲದಂಡೆ ಕಾಲುವೆಗಳ ನಕ್ಷೆಯನ್ನು ಇಟ್ಟು ತೋರಿಸುವ ಕೆಲಸವನ್ನು ಈ ಕೊಠಡಿಯಲ್ಲದೆ ಬೇರೆಲ್ಲೂ ನಾನು ಕಂಡಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದ ಮೇಲೆ ಗೇಟುಗಳ ಮೂಲ ರಚನೆಯ ಬಗ್ಗೆ ಕೇಳಿಕೊಂಡು ಅನೇಕರು ಬಂದರಂತೆ. ಆದರೆ ತಮ್ಮಲ್ಲಿರುವುದು ಊರು ಮತ್ತು ಹೊಲಗಳ ಕಾಗದ, ಯಂತ್ರದ ಕಾಗದವಲ್ಲ ಎಂದು ಹೇಳಿ ಕಳಿಸಿದ್ದಾಗಿ ಮಗಳು ತಿಳಿಸಿದರು. ಇಲ್ಲದ್ದನ್ನು ಇದೆ ಎನ್ನದ ಈ ಪ್ರಾಮಾಣಿಕತೆಯೂ ಸೇವೆಯ ಒಂದು ಗುಣವೇ.

ಕಾಗದ ಸಿಕ್ಕರೆ ಸಾಲದು, ಓದಲು ಬರಬೇಕು. ಅಲ್ಲಿ ನಾನು ಕಲಿತ ಎರಡು ಸಂಗತಿಗಳನ್ನು ಹೇಳಲೇಬೇಕು, ಯಾಕೆಂದರೆ ಇವುಗಳಿಂದಲೇ ಎಷ್ಟೋ ವ್ಯಾಜ್ಯಗಳು ಹುಟ್ಟಿವೆ.

ಒಂದು, ಫಸಲಿ ವರ್ಷ, ಅಂದರೆ ಕಂದಾಯ ಲೆಕ್ಕದ ವರ್ಷ. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮದ್ರಾಸಿನ ಫಸಲಿ ಜುಲೈ 1ಕ್ಕೆ ಶುರುವಾದರೆ, ಹೈದರಾಬಾದಿನ ಫಸಲಿ ಅಕ್ಟೋಬರ್ ಮೊದಲ ವಾರದಲ್ಲಿ, ಆಜರ್ ತಿಂಗಳಿಂದ ಶುರುವಾಗುತ್ತಿತ್ತು. ಹಾಗಾಗಿ ವರ್ಷದ ಸುಮಾರು ಒಂಬತ್ತು ತಿಂಗಳು ಎರಡೂ ದಡದಲ್ಲಿ ಒಂದೇ ಅಂಕೆ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬೇರೆ ಬೇರೆ ಅಂಕೆ. ಅಣೆಕಟ್ಟಿನ ಶಂಕುಸ್ಥಾಪನೆಯಾದ ಫೆಬ್ರವರಿ 1945 ಎರಡೂ ಕಡೆ 1354ನೆಯ ಫಸಲಿಯೇ. ಆದರೆ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ನಡೆದ ಸೆಪ್ಟೆಂಬರ್ 1948 ಹೊಸಪೇಟೆಯ ಕಾಗದದಲ್ಲಿ 1358, ಮುನಿರಾಬಾದಿನ ಕಾಗದದಲ್ಲಿ 1357. ಇದನ್ನು ತಿಳಿಯದೆ ಓದಿದವರು ಒಂದು ವರ್ಷ ಹಿಂದೆಯೋ ಮುಂದೆಯೋ ಹೋಗುತ್ತಾರೆ. ನನ್ನ ಟಿಪ್ಪಣಿಯಲ್ಲೇ ಅಂಥ ಎರಡು ತಪ್ಪುಗಳಿದ್ದವು. ಮಗಳು ಒಂದು ನೋಟದಲ್ಲಿ ಹಿಡಿದು ತಿದ್ದಿದರು.

ಎರಡು, ಅಳತೆ. ಬಳ್ಳಾರಿ ಮದ್ರಾಸಿಗೆ ಸೇರಿದ್ದ ಜಿಲ್ಲೆಯಾದ್ದರಿಂದ ಇಲ್ಲಿ ಎಕರೆಯನ್ನು 100 ಸೆಂಟ್ಸ್ ಆಗಿ ಭಾಗಿಸುತ್ತಾರೆ. ಹೊಳೆ ದಾಟಿದರೆ 40 ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಹಳೆಯ ಡೈಗ್ಲಾಟ್ ರಿಜಿಸ್ಟರಿನಲ್ಲಿ (ಎರಡು ಭಾಷೆಯಲ್ಲಿ ಬರೆದ ಜಮೀನಿನ ಪಟ್ಟಿಯಲ್ಲಿ) 2.37 ಎಂದಿರುವುದನ್ನು ಎರಡು ಎಕರೆ ಮೂವತ್ತೇಳು ಗುಂಟೆ ಎಂದು ಓದಿದರೆ ಐವತ್ತೈದೂವರೆ ಸೆಂಟ್ಸ್ ಭೂಮಿ ಕಾಗದದ ಮೇಲೆ ಸುಮ್ಮನೆ ಬೆಳೆದುಬಿಡುತ್ತದೆ. ಮುಳುಗಡೆಯ ನಂತರ ಎಡದಂಡೆಯಲ್ಲಿ ಜಮೀನು ಪಡೆದ ಕುಟುಂಬಗಳ ಕಾಗದಗಳಲ್ಲಿ ಈ ಗೊಂದಲ ಮತ್ತೆ ಮತ್ತೆ ಎದುರಾಗುತ್ತದೆಂದು ಹಿರಿಯರು ಹೇಳಿದರು. ಇಲ್ಲಿಂದ ಪ್ರತಿ ಪಡೆಯುವವರಿಗೆ ಅವರು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ "ಸೆಂಟ್ಸ್" ಅಥವಾ "ಗುಂಟೆ" ಎಂದು ಬರೆದುಕೊಡುತ್ತಾರೆ. ಅಷ್ಟು ಸಣ್ಣ ಕೆಲಸಕ್ಕೆ ನಾನು ಎಷ್ಟು ಕೃತಜ್ಞಳೆಂದು ಹೇಳಲಾರೆ.

ಗಣಿಯ ಕಪಾಟು ನದಿಯ ಕಪಾಟಿನಷ್ಟು ತುಂಬಿಲ್ಲ, ಆದರೂ ಗಂಭೀರವಾಗಿ ಓದಬೇಕಾದದ್ದು. ಗಣಿಗಾರಿಕೆ ಎಂದರೆ 2000ದ ನಂತರದ ಲಾರಿಗಳ ಸಾಲು ಎಂದೇ ನಮ್ಮಲ್ಲಿ ಅನೇಕರು ನೆನೆಯುತ್ತಾರೆ. ಇಲ್ಲಿನ ಕಾಗದಗಳು ಅದಕ್ಕಿಂತ ಬಹಳ ಹಿಂದಕ್ಕೆ ಒಯ್ಯುತ್ತವೆ. 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರಿನ ಪುಟಗಳಲ್ಲಿ, ಜಂಬುನಾಥನ ಗುಡ್ಡದ ಅದಿರಿನಿಂದ ಕಬ್ಬಿಣ ತೆಗೆದು ಕಮಲಾಪುರದಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆ ಮಾಡುತ್ತಿದ್ದ ಕಸುಬಿನ ಉಲ್ಲೇಖವನ್ನು ಓದಿದಾಗ, ಕಾಲುವೆ, ಕಬ್ಬು, ಕಬ್ಬಿಣ ಮೂರೂ ಒಂದೇ ಊರಿನ ಒಂದೇ ಬದುಕಾಗಿದ್ದ ಕಾಲ ಕಣ್ಣಿಗೆ ಕಟ್ಟಿತು. ರಾಬರ್ಟ್ ಬ್ರೂಸ್ ಫೂಟ್ ಅವರು ಜಿಲ್ಲೆಯನ್ನು ಸುತ್ತಿ ಸಿದ್ಧಪಡಿಸಿ 1895ರಲ್ಲಿ ಪ್ರಕಟವಾದ ಭೂವಿಜ್ಞಾನ ವರದಿಯ ಬಣ್ಣದ ನಕ್ಷೆಯ ಒಂದು ಪ್ರತಿಯೂ ಇದೆ. ಸಂಡೂರಿನ ಕಬ್ಬಿಣದ ಶಿಲೆಯ ಪಟ್ಟಿಗಳು ದೋಣಿಯ ಆಕಾರದಲ್ಲಿ ಬಾಗಿರುವುದನ್ನು ಅದರಲ್ಲಿ ನೋಡಬಹುದು. 20ನೆಯ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್‌ಗಾಗಿ ಸಂಸ್ಥಾನ ಕೊಟ್ಟ ಗುತ್ತಿಗೆಗೆ ಸಂಬಂಧಿಸಿದ ಕೆಲವು ಪ್ರತಿಗಳೂ ಇವೆ. ಮೋಡಿ ಲಿಪಿ ಓದಬಲ್ಲ ಹಿರಿಯರೊಬ್ಬರು ತಿಂಗಳಿಗೆ ಎರಡು ದಿನ ಬಂದು ಕೂರುತ್ತಾರೆ. ಆ ದಿನಗಳನ್ನು ಮೊದಲೇ ಕೇಳಿಕೊಂಡು ಹೋಗುವುದು ಒಳಿತು.

ಗುತ್ತಿಗೆಯ ಹಳೆಯ ನಕ್ಷೆಗಳನ್ನು ಸಾಲಾಗಿ ನೋಡಿದಾಗ ನನಗೆ ತಿಳಿದದ್ದು ಇಷ್ಟು. ಗುಡ್ಡದ ಮೇಲಿನ ಗಡಿಯನ್ನು ಬಂಡೆ, ಮರ, ಗುಡಿ, ದಿನ್ನೆಗಳನ್ನು ಆಧಾರವಾಗಿಟ್ಟು ಬರೆದಿರುತ್ತಿದ್ದರು. ಬಂಡೆ ಒಡೆದರೆ, ಮರ ಬಿದ್ದರೆ, ಗುಡಿಯೇ ಇಲ್ಲದಂತಾದರೆ ಗಡಿಗೆ ಸಾಕ್ಷಿಯಾಗಿ ಉಳಿಯುವುದು ಕಾಗದ ಮಾತ್ರ, ಅದೂ ಅಸ್ಪಷ್ಟವಾಗಿ. 2011ರ ಜುಲೈ 27ರಂದು ಲೋಕಾಯುಕ್ತರು ಅಕ್ರಮ ಗಣಿಗಾರಿಕೆಯ ಕುರಿತ ವರದಿ ಸಲ್ಲಿಸಿ, ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಪ್ರತಿ ಗುತ್ತಿಗೆಯನ್ನೂ ಹೊಸದಾಗಿ ಅಳೆಯಬೇಕಾಗಿ ಬಂದದ್ದು ಈ ಕಾರಣದಿಂದಲೂ ಹೌದು. ಗಡಿ ಮೀರಿದ ಪ್ರಮಾಣವನ್ನು ನೋಡಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅತಿ ಹೆಚ್ಚು ಮೀರಿದ ಸಿ ವರ್ಗದವು ರದ್ದಾದವು. ಈ ವರದಿ, ತೀರ್ಪುಗಳ ಮುದ್ರಿತ ಪ್ರತಿಗಳನ್ನು ಹಳೆಯ ನಕ್ಷೆಗಳ ಜೊತೆಗೇ ಕಟ್ಟಿಟ್ಟಿದ್ದಾರೆ. ನಾರಿಹಳ್ಳದ ಒಂದು ಸಣ್ಣ ತೊರೆಯನ್ನು ಮೈಲಿಗೆ ಒಂದಂಗುಲದ ಹಳೆಯ ನಕ್ಷೆಯಲ್ಲೂ, ಸರ್ವೇಕ್ಷಣಾ ಇಲಾಖೆಯ ನಂತರದ 57 ಎ/12ನೆಯ ನಕ್ಷೆ ಹಾಳೆಯಲ್ಲೂ ಹುಡುಕಿ, ಆಮೇಲೆ ಇಂದಿನ ಉಪಗ್ರಹ ಚಿತ್ರದಲ್ಲಿ ಅದೇ ಜಾಗದಲ್ಲಿ ಮಣ್ಣಿನ ರಾಶಿಯನ್ನು ಕಂಡ ಗಳಿಗೆಯಲ್ಲಿ, ನೀರಿನ ಹೆಸರಿನಲ್ಲಿ ಗಣಿಯ ಕಾಗದವನ್ನು ಇಟ್ಟಿರುವುದು ಎಷ್ಟು ಸರಿ ಎಂದು ಮನವರಿಕೆಯಾಯಿತು.

ಜನ ನೆಲೆಸಿದ, ನೆಲೆ ತಪ್ಪಿದ ಕಥೆಗೆ ಸಂಬಂಧಿಸಿದ ಕಾಗದಗಳಲ್ಲಿ 1286ನೆಯ ಫಸಲಿಯ ಕಟ್ಟನ್ನು ಬಿಡಿಸಲು ಗಟ್ಟಿ ಮನಸ್ಸು ಬೇಕು. ಅದು 1876–77, ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಕರೆಯುತ್ತಿದ್ದ ಬರದ ಮೊದಲ ವರ್ಷ. ಕರಣಂ ಬರೆದ ಲೆಕ್ಕದಲ್ಲಿ ಹೊಲದ ಹೆಸರಿನ ಮುಂದೆ ಸಾಲುಸಾಲಾಗಿ ಬೀಳು, ಬೀಳು ಎಂದೇ ಇದೆ. ಪರಿಹಾರ ಕಾಮಗಾರಿಯಲ್ಲಿ ದುಡಿದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಎಂದು 1877ರಲ್ಲಿ ಕೂಲಿ ಇಳಿಸಿದ ಆದೇಶದ ಮುದ್ರಿತ ಪ್ರತಿ ಅದರ ಪಕ್ಕದಲ್ಲೇ ಇದೆ. ಎರಡನ್ನೂ ಒಟ್ಟಿಗೆ ಓದಿದ ದಿನ ನಾನು ಬೇರೇನೂ ಓದಲಿಲ್ಲ. ಹಗರಿಯ ಕಪಾಟಿನಲ್ಲಿ, ಹೊಳೆಯ ಪಾತ್ರದ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ಹರಡುತ್ತಿದ್ದುದರ ಬಗ್ಗೆಯೂ ಅದನ್ನು ತಡೆಯಲು ಗಿಡ ನೆಡಿಸಿದ ಬಗ್ಗೆಯೂ ಟಿಪ್ಪಣಿಗಳಿವೆ.

ರಾಯಚೂರಿನ ಭಾಗ ಇಲ್ಲಿ ತೆಳುವಾಗಿದೆ. ಹಟ್ಟಿ ಚಿನ್ನದ ಗಣಿಯ ಬಗ್ಗೆ ಕೆಲವೇ ಹಾಳೆಗಳು. ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಎಂಬ ವಿವರ ಇರುವ ಒಂದು ಮುದ್ರಿತ ಲೇಖನ. ಆ ಕಡೆಯ ಓದುಗರು ಇದನ್ನೇ ನಂಬಿ ಅಷ್ಟು ದೂರದಿಂದ ಬರಬಾರದು.

ಸೇವೆಯ ಕುಂದುಗಳನ್ನೂ ಪ್ರೀತಿಯಿಂದಲೇ ಹೇಳುತ್ತೇನೆ. ಮೊದಲನೆಯದಾಗಿ ಸಂಗ್ರಹಕ್ಕೆ ಬರಹದ ಸೂಚಿಯಿಲ್ಲ. ಯಾವ ಕಾಗದ ಎಲ್ಲಿದೆ ಎಂಬುದು ಹಿರಿಯರ ನೆನಪಿನಲ್ಲಿದೆ. ಮಗಳಿಗೆ ಅದರಲ್ಲಿ ಅರ್ಧ ಗೊತ್ತು. ನಾನು ಹೋದ ಐದು ದಿನಗಳಲ್ಲಿ ಒಂದು ದಿನ ಹಿರಿಯರು ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು. ಅಂದು ನನಗೆ ಬೇಕಾದ ಕಟ್ಟು ಸಿಗಲೇ ಇಲ್ಲ. ಎರಡನೆಯದಾಗಿ, ಪ್ರತಿಗಳ ಮೇಲೆ ಅವು ಯಾವ ಪತ್ರಾಗಾರದ ಯಾವ ಸಂಪುಟದಿಂದ ಬಂದವು ಎಂಬುದನ್ನು ಎಲ್ಲ ಕಡೆ ಬರೆದಿಲ್ಲ. ಸುಮಾರು ಇಪ್ಪತ್ತು ವರ್ಷದಿಂದೀಚೆಗಿನ ಪ್ರತಿಗಳಲ್ಲಿ ಬರೆದಿದ್ದಾರೆ, ಅದಕ್ಕೂ ಹಿಂದಿನವುಗಳಲ್ಲಿ ಇಲ್ಲ. ಸಂಶೋಧಕರಿಗೆ ಇದು ದೊಡ್ಡ ತೊಡಕು. ನ್ಯಾಯಾಲಯಕ್ಕೆ ಹಾಜರುಪಡಿಸುವವರಂತೂ ಇಲ್ಲಿ ಕಂಡದ್ದನ್ನು ದಾರಿ ತೋರಿಸುವ ಸುಳಿವೆಂದಷ್ಟೇ ತಿಳಿದು, ದೃಢೀಕೃತ ನಕಲನ್ನು ಸಂಬಂಧಪಟ್ಟ ಕಚೇರಿಯಿಂದಲೇ ಪಡೆಯಬೇಕು. ಇದನ್ನು ಹಿರಿಯರೇ ಪ್ರತಿಯೊಬ್ಬರಿಗೂ ಮುಂಚಿತವಾಗಿ ಹೇಳುತ್ತಾರೆ. ಮೂರನೆಯದು ಸ್ಕ್ಯಾನಿನ ಗುಣಮಟ್ಟ. ಪುಟಗಳು ಚೆನ್ನಾಗಿ ಬರುತ್ತವೆ, ದೊಡ್ಡ ನಕ್ಷೆಗಳು ಬರುವುದಿಲ್ಲ. ನಾಲ್ಕು ತುಂಡಾಗಿ ತೆಗೆದು ಕೂಡಿಸುವಾಗ ಮಡಿಕೆಯ ಜಾಗದಲ್ಲಿ ಸರ್ವೆ ನಂಬರುಗಳು ಅಳಿಸಿಹೋಗುತ್ತವೆ. ನನ್ನ ಊರಿನ ನಕ್ಷೆಯಲ್ಲಿ ಅಗಸಿಯ ಪಕ್ಕದ ಎರಡು ನಂಬರುಗಳು ಹೀಗೇ ಹೋದವು. ಹೇಳಿದಾಗ ಬೇಸರಿಸದೆ, ಹಣ ತೆಗೆದುಕೊಳ್ಳದೆ ಮತ್ತೆ ತೆಗೆದುಕೊಟ್ಟರು.

ಕಾಗದದ ಆರೈಕೆಯಲ್ಲಿ ಮಾತ್ರ ಕೊಂಕಿಲ್ಲ. ಒಣಗಿಸಿದ ಬೇವಿನ ಎಲೆ ಮತ್ತು ಬಜೆಯ ಪೊಟ್ಟಣ ಪ್ರತಿ ಕಪಾಟಿನಲ್ಲೂ ಇವೆ. ಲಾರಿ ರಸ್ತೆಯಿಂದ ಬರುವ ಕೆಂಪು ಧೂಳಿಗೆ ಕಿಟಕಿಗಳಿಗೆ ಒದ್ದೆ ಚಾಪೆ ಕಟ್ಟಿದ್ದಾರೆ. ಏಪ್ರಿಲ್‌ನ ಬಳ್ಳಾರಿ ಬಿಸಿಲಿನಲ್ಲೂ ದಪ್ಪ ಗೋಡೆಯ ಆ ಕೋಣೆ ತಂಪಾಗಿಯೇ ಇತ್ತು. ನಾಲ್ಕು ಜನಕ್ಕಿಂತ ಹೆಚ್ಚು ಕೂರಲು ಜಾಗವಿಲ್ಲ. ದಿನಕ್ಕೆ 50 ರೂಪಾಯಿ ಶುಲ್ಕ, ವಿದ್ಯಾರ್ಥಿಗಳಿಗೆ ಉಚಿತ. ಪ್ರತಿಗೆ ಬೇರೆ ದರ. ಮುಳುಗಡೆ ಊರಿನವರು ತಮ್ಮ ಊರಿನ ನಕ್ಷೆ ನೋಡಲು ಬಂದರೆ ಅವರಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ನಾನು ಒತ್ತಾಯ ಮಾಡಿದಾಗ, "ಊರೇ ಕೊಟ್ಟೀರಿ, ಇನ್ನ ರೊಕ್ಕ ಯಾಕಮ್ಮಾ" ಎಂದರು.

ಹೋಗುವವರು ಹಿಂದಿನ ದಿನವೇ ತಿಳಿಸಿ ಹೋಗಬೇಕು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲು ಒಯ್ಯಬೇಕು. ಊರಿನ ಹೆಸರಿನ ಜೊತೆಗೆ ಹಳೆಯ ತಾಲ್ಲೂಕಿನ ಹೆಸರು, ಗೊತ್ತಿದ್ದರೆ ಫಸಲಿ, ಮನೆಯಲ್ಲಿ ಉಳಿದಿರುವ ಯಾವುದಾದರೂ ಒಂದು ಹಳೆಯ ರಸೀದಿ ಇದ್ದರೆ ಹುಡುಕಾಟ ಅರ್ಧ ದಿನದಲ್ಲಿ ಮುಗಿಯುತ್ತದೆ. ಸೂಚಿ ಬರೆಯುವ ಕೆಲಸಕ್ಕೆ ಕೈಜೋಡಿಸುತ್ತೇನೆಂದು ಕಳೆದ ಸಲ ಹೇಳಿ ಬಂದಿದ್ದೇನೆ. ಮುಂದಿನ ಭಾನುವಾರ ತುಂಗಭದ್ರೆಯ ಕಪಾಟಿನ ಮೇಲಿನ ಖಾನೆಯಿಂದ ಶುರುಮಾಡೋಣವೆಂದು ಮಗಳು ಒಪ್ಪಿದ್ದಾರೆ.